ಕ್ಲೋರೋಫಾರಂ ಇಳಿದ ಮಧ್ಯಾಹ್ನ

ನನ್ನ ಬಾಯಿ ಕೆಟ್ಟದ್ದು ಎಂದು ನಮ್ಮ ಅತ್ತೆ ನಾನು ಆ ಮನೆಗೆ ಬಂದ ವರ್ಷದಿಂದಲೇ ಹೇಳುತ್ತಿದ್ದರು. ಏಳನೆಯ ವರ್ಷಕ್ಕೆ ಅದು ನಿಜವಾಯಿತು. ಕೆಳದವಡೆಯ ಎಡಗಡೆ ಕೊನೆಯ ಹಲ್ಲು ಒಳಗೇ ಕೊಳೆತು, ಬುಡದಲ್ಲಿ ಕೀವು ತುಂಬಿ, ಕೆನ್ನೆ ಊದಿಕೊಂಡು ಆ ಕಡೆಯ ಕಣ್ಣೇ ಸಣ್ಣದಾಯಿತು. ಲವಂಗ ಕಚ್ಚಿದೆ, ಉಪ್ಪುನೀರು ಮುಕ್ಕಳಿಸಿದೆ, ಯಾರೋ ಹೇಳಿದರೆಂದು ಎಕ್ಕದ ಹಾಲು ಹಚ್ಚಿಕೊಂಡು ಒಸಡು ಸುಟ್ಟುಕೊಂಡೆ. ಮೂರು ತಿಂಗಳು ಹೀಗೆ ಕಳೆಯಿತು. ಅಷ್ಟು ದಿನವೂ ಅತ್ತೆಯಿಂದ ಬಂದ ಔಷಧಿ ಒಂದೇ. "ಬಾಯಿ ಮುಚ್ಕೊಂಡಿರು. ಗಾಳಿ ತಾಗ್ದೇ ಇದ್ರೆ ನೋವೂ ಬರಲ್ಲ" ಎನ್ನುತ್ತಿದ್ದರು.

ಪ್ಲೇಗಿನ ಕಾಲದಲ್ಲಿ ಪೇಟೆಯ ಮನೆ ಬಿಟ್ಟು ಬಸವನಗುಡಿಯಲ್ಲಿ ಮನೆ ಕಟ್ಟಿಕೊಂಡವರು ಅವರು. ನಾನು ಹೇಳುವ ಕಾಲಕ್ಕೆ ಅದಾಗಿ ಹತ್ತು ಹನ್ನೆರಡು ವರ್ಷವಾಗಿತ್ತು. ಮನೆಯಲ್ಲಿ ಮೂರೇ ಜನ. ಒಬ್ಬರು ಅತ್ತೆ: ತಲೆ ಬೋಳಿಸಿಕೊಂಡು ಕೆಂಪು ಸೀರೆಯುಟ್ಟ ವಿಧವೆ, ಮಡಿ ಎಂದರೆ ಗಾಳಿಗೂ ನೀರು ಚಿಮುಕಿಸುವವರು. ಇನ್ನೊಬ್ಬರು ನಮ್ಮ ಯಜಮಾನರು, ಅವರಿಗೆ ಒಬ್ಬನೇ ಮಗ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮೂರನೆಯವಳು ನಾನು. ಏಳು ವರ್ಷವಾದರೂ ನಾಲ್ಕನೆಯವರು ಬಂದಿರಲಿಲ್ಲ, ಅದಕ್ಕೆ ಕಾರಣ ನಾನೇ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಆ ಬೇಸಿಗೆಯಲ್ಲಿ ಇನ್ನೊಂದು ಘಟನೆ ನಡೆದಿತ್ತು. ನಮ್ಮ ಮಾವನವರು ಸಂಧ್ಯಾವಂದನೆಗೆ ನೀರು ತೆಗೆದುಕೊಳ್ಳುತ್ತಿದ್ದ ಪುಟ್ಟ ಬೆಳ್ಳಿ ಚಮಚ, ಉದ್ಧರಣೆ, ಕಳೆದುಹೋಗಿತ್ತು. ಅವರು ಹೋದಮೇಲೆ ಅತ್ತೆ ಅದನ್ನು ದಿನಾ ತೊಳೆದು, ಒರೆಸಿ, ದೇವರ ಮುಂದೆ ಇಡುತ್ತಿದ್ದರು. ಒಂದು ದಿನ ಹಿತ್ತಿಲಲ್ಲಿ ಒಣಗಲು ಇಟ್ಟದ್ದು ಮಾಯವಾಯಿತು. ಕಾಗೆ ಒಯ್ದಿರಬೇಕು ಎಂದರು. ಒಯ್ದಿರಲಿಲ್ಲ. ತುಳಸಿಕಟ್ಟೆಯ ಬುಡದಲ್ಲಿ ಕಲ್ಲು ಬಿರುಕು ಬಿಟ್ಟ ಕಡೆ ಅದು ಜಾರಿ ಬಿದ್ದಿದ್ದನ್ನು ನಾನು ಮಾರನೆಯ ದಿನವೇ ನೋಡಿದ್ದೆ. ನೋಡಿ ಸುಮ್ಮನಿದ್ದೆ. ಅತ್ತೆ ಮಾಡಿನ ಕೆಳಗೆಲ್ಲ ತಡಕಾಡುವುದನ್ನೂ, ಒಲೆಯ ಮುಂದೆ ಕೂತು ಅಳುವುದನ್ನೂ ಎರಡು ತಿಂಗಳು ನೋಡಿದೆ. ನನಗೆ ಹಿತವಾಗಿತ್ತು. ಹಲ್ಲುನೋವಿಗೆ ಅಷ್ಟು ಒಳ್ಳೆಯ ಮದ್ದು ಬೇರೆ ಸಿಕ್ಕಿರಲಿಲ್ಲ.

ಕೊನೆಗೆ ಯಜಮಾನರು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದರು. ಕೀವು ಮೂಳೆಗೆ ಇಳಿದಿದೆ, ಬರೀ ಹಲ್ಲು ಕಿತ್ತರೆ ಸಾಲದು, ಕ್ಲೋರೋಫಾರಂ ಕೊಟ್ಟು ಎಚ್ಚರ ತಪ್ಪಿಸಿ ಕೊಯ್ಯಬೇಕು ಎಂದರು ಡಾಕ್ಟರು. ಅತ್ತೆ ರಂಪ ಮಾಡುತ್ತಾರೆ ಎಂದುಕೊಂಡಿದ್ದೆ. ಅವರೇ ಪಂಚಾಂಗ ತರಿಸಿದರು. "ಬರೋ ಶುಕ್ರವಾರ ಚೆನ್ನಾಗಿದೆ. ಅವತ್ತೇ ಆಗ್ಲಿ" ಎಂದರು. ನನ್ನ ಕೆನ್ನೆಗೆ ಅವರು ಒಳ್ಳೆಯ ದಿನ ನೋಡಿದ್ದು ಕೇಳಿ, ಪಾಪ ಮುದುಕಿ, ಉದ್ಧರಣೆ ಸಿಕ್ಕಿತು ಎಂದು ಹೇಳಿಬಿಡೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ನನ್ನನ್ನು ಎತ್ತರದ ಮೇಜಿನ ಮೇಲೆ ಮಲಗಿಸಿದರು. ಡಾಕ್ಟರು ಬಿಳಿಯ ದೊರೆ. ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ನರ್ಸಮ್ಮ ಇದ್ದಳು. ಮೂಗಿನ ಮೇಲೆ ಒಂದು ತಂತಿಯ ಚೌಕಟ್ಟು, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ತೊಟ್ಟು ತೊಟ್ಟಾಗಿ ಔಷಧಿ. ಅತಿಯಾಗಿ ಹಣ್ಣಾದ ಹಲಸಿನಂಥ ವಾಸನೆ. "ಒಂದು ಎರಡು ಎಣಿಸಮ್ಮ" ಎಂದಳು ನರ್ಸಮ್ಮ. ಎಣಿಸಿದೆ. ಹತ್ತರ ಹತ್ತಿರ ಉಸಿರು ಕಟ್ಟಿದಂತಾಗಿ, ಅವಳ ಕೈ ಕಚ್ಚಿಬಿಡಬೇಕು ಎಂದುಕೊಂಡೆ. ಅಷ್ಟರಲ್ಲಿ ಎಲ್ಲ ಹೋಯಿತು.

ಎರಡು ದಿನ ಅಲ್ಲೇ ಇರಬೇಕು ಎಂದಿದ್ದರಂತೆ. ಆಸ್ಪತ್ರೆಯ ನೀರು ನನ್ನ ಹೊಟ್ಟೆಗೆ ಹೋಗಕೂಡದು ಎಂದು ಅತ್ತೆ ಮಗನಿಗೆ ಕಟ್ಟಪ್ಪಣೆ ಮಾಡಿ ಕಳಿಸಿದ್ದರು. ಹಾಗಾಗಿ ಕಣ್ಣು ಪೂರ್ತಿ ಬಿಡುವ ಮೊದಲೇ ನನ್ನನ್ನು ಜಟಕಾ ಹತ್ತಿಸಿದರು. ದಾರಿ ನನಗೆ ನೆನಪಿಲ್ಲ. ವಾಂತಿ ಮಾಡಿಕೊಂಡೆನಂತೆ, ಕುದುರೆಗೆ ಬೈದೆನಂತೆ. ಅಷ್ಟೇ ಆಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಎಚ್ಚರ ಎನ್ನುವುದು ಒಟ್ಟಿಗೆ ಬರುವುದಿಲ್ಲ. ನನಗೆ ಮೊದಲು ಕಿವಿ ಬಂತು. ಎಲ್ಲೋ ರುಬ್ಬುವ ಸದ್ದು, ಕಾಗೆಯ ಸದ್ದು. ಆಮೇಲೆ ಬಾಯಾರಿಕೆ. ಆಮೇಲೆ ನಾಲಿಗೆ: ಬಾಯಿಯೊಳಗೆ ಇನ್ನೊಬ್ಬರ ನಾಲಿಗೆ ಇಟ್ಟಂತೆ ದಪ್ಪಗಿತ್ತು, ಅದರ ಪಕ್ಕದಲ್ಲಿ ತುರುಕಿದ ಅರಳೆ, ರಕ್ತದ ರುಚಿ. ನೋವು ಇನ್ನೂ ಬಂದಿರಲಿಲ್ಲ. ಬೆನ್ನ ಕೆಳಗೆ ಬರಿಯ ಚಾಪೆ. ಮಾಡಿನ ಹೆಂಚಿನ ಸಂದಿಯ ಬೆಳಕು ನೋಡಿ ಎಲ್ಲಿದ್ದೇನೆಂದು ತಿಳಿಯಿತು. ಅದು ಹಿತ್ತಿಲ ಕಡೆಯ ಸಣ್ಣ ಕೋಣೆ, ತಿಂಗಳಿಗೆ ಮೂರು ದಿನ ನಾನು ಹೊರಗೆ ಕೂರುತ್ತಿದ್ದ ಕೋಣೆ. ಆಸ್ಪತ್ರೆಯಲ್ಲಿ ಯಾರು ಯಾರೋ ಮುಟ್ಟಿದ ಮೈ, ತಲೆಗೆ ಸ್ನಾನ ಕೂಡದು ಎಂದು ಡಾಕ್ಟರ ಮಾತು. ಅದಕ್ಕೆ ಮನೆಯೊಳಗೆ ಸೇರಿಸದೆ ಅಲ್ಲಿ ಉರುಳಿಸಿದ್ದರು. ವಾಂತಿ ಬಂದರೆ ಉಸಿರಿಗೆ ಸಿಕ್ಕಿಕೊಳ್ಳಬಹುದು, ಒಬ್ಬರು ಪಕ್ಕದಲ್ಲಿರಿ ಎಂದು ಆಸ್ಪತ್ರೆಯವರು ಹೇಳಿಕಳಿಸಿದ್ದರಂತೆ. ಪಕ್ಕದಲ್ಲಿ ಒಂದು ಮಣ್ಣಿನ ಬಟ್ಟಲಿತ್ತು.

ಆ ಕೋಣೆಗೂ ನಡುಮನೆಗೂ ಮಧ್ಯೆ ಗೋಡೆಯ ಮೇಲೊಂದು ಗವಾಕ್ಷಿ. ಅಲ್ಲಿ ಆಡಿದ್ದೆಲ್ಲ ಇಲ್ಲಿಗೆ ಕೇಳಿಸುತ್ತದೆ. ಈ ಸಂಗತಿ ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ. ಅವರು ಹೊರಗೆ ಕೂರುವುದು ನಿಂತು ಹದಿನೈದು ವರ್ಷವಾಗಿತ್ತು, ಅದೂ ಪೇಟೆಯ ಹಳೆಯ ಮನೆಯಲ್ಲಿ.

ನನಗೆ ಮೊದಲು ಸ್ಪಷ್ಟವಾಗಿ ಕೇಳಿಸಿದ್ದು ಅತ್ತೆಯ ಅಳು. ಸಂತೋಷದ ಅಳು.

"ಜಟಕಾದಲ್ಲಿ ಅಂದ್ಲಂತೆ ಕಣೋ. 'ತುಳಸಿಕಟ್ಟೆ ಬುಡ, ಬಿರುಕು, ಬೆಳ್ಳಿ' ಅಂತ. ಇವನು ಬಂದು ಹೇಳ್ದ. ಹೋಗಿ ಕಡ್ಡಿ ಹಾಕಿ ನೋಡ್ತೀನಿ, ನಿಮ್ಮ ಭಾವನ ಉದ್ಧರಣೆ!"

ನನ್ನ ಹೊಟ್ಟೆಯಲ್ಲಿದ್ದದ್ದನ್ನು ನನ್ನ ಬಾಯೇ ಕಕ್ಕಿಬಿಟ್ಟಿತ್ತು. ಎರಡು ತಿಂಗಳು ನೋಡಿಯೂ ಹೇಳದೆ ಮಜಾ ತೆಗೆದುಕೊಂಡವಳು ನಾನೆಂದು ಅವರಿಗೆ ಈಗ ತಿಳಿಯಿತು, ಇವತ್ತಿಗೆ ನನ್ನ ಗತಿ ಮುಗಿಯಿತು ಎಂದುಕೊಂಡೆ. ಮುಂದಿನ ಮಾತು ಕೇಳಿ ನನಗೆ ನಗು ಬರಬೇಕಿತ್ತು, ದವಡೆ ಅಲ್ಲಾಡುವ ಹಾಗಿರಲಿಲ್ಲ.

"ಶುಕ್ರವಾರ ಬೇರೆ. ತಾಯೀನೇ ನುಡಿಸಿದಾಳೆ. ಮೈಮೇಲೆ ಅರಿವಿಲ್ದಾಗ ತಾನೇ ಅವಳು ಬರೋದು?"

ನಮ್ಮ ಅತ್ತೆ ಎಷ್ಟೇ ಮಡಿಯವರಾದರೂ, ಮಾಮೂಲ್‌ಪೇಟೆಯ ಒಂದು ಮನೆಗೆ ಶುಕ್ರವಾರ ಶುಕ್ರವಾರ ಹೋಗಿಬರುತ್ತಿದ್ದರು. ಅಲ್ಲಿ ಒಬ್ಬ ಹೆಂಗಸಿನ ಮೈಮೇಲೆ ದೇವಿ ಬರುತ್ತಿದ್ದಳು. ಅವಳು ಕಣ್ಣು ಮುಚ್ಚಿ ತೂಗುತ್ತ ಹೇಳಿದ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಎಚ್ಚರ ತಪ್ಪಿದವಳ ಬಾಯಲ್ಲಿ ಬಂದದ್ದು ಅವಳ ಮಾತಲ್ಲ, ಆದ್ದರಿಂದ ಅದು ಸತ್ಯ. ಇದು ಅತ್ತೆಯ ಲೆಕ್ಕ. ಆಸ್ಪತ್ರೆಯ ಶೀಸೆಯಿಂದ ಬಂದ ಮತ್ತಿಗೂ ಅದೇ ಲೆಕ್ಕ ಹಾಕಿದ್ದರು.

ಅವರು ಇದನ್ನೆಲ್ಲ ಹೇಳುತ್ತಿದ್ದದ್ದು ತಮ್ಮನಿಗೆ. ಮಲ್ಲೇಶ್ವರದಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದವರು, ಹೆಂಡತಿ ತೀರಿಹೋಗಿ ಒಬ್ಬಳೇ ಮಗಳು. ಹಬ್ಬಕ್ಕಲ್ಲದೆ ಬಾರದವರು ಇವತ್ತೇಕೆ ಬಂದರು ಎಂದು ಯೋಚಿಸುವಷ್ಟು ತಲೆ ಇನ್ನೂ ತಿಳಿಯಾಗಿರಲಿಲ್ಲ. ಅವರೇ ಹೇಳಿದರು.

"ಅವಳನ್ನೇನು ಮನೆಯಿಂದ ಆಚೆ ಹಾಕೋದು ಬೇಡಕ್ಕ. ಇರ್ಲಿ ಒಂದು ಮೂಲೇಲಿ. ಅಡುಗೆಗೂ ಒಂದು ಕೈ ಬೇಕಲ್ಲ. ನನ್ನ ಮಗಳು ಹೊರಗಿನವಳಾ? ಸೋದರಮಾವನ ಮಗಳು, ಮೊದಲಿಂದ್ಲೂ ಹಕ್ಕಿರೋ ಸಂಬಂಧ. ಹನ್ನೆರಡು ತುಂಬಿತು, ಇನ್ನು ಇಟ್ಕೊಳೋ ಹಾಗಿಲ್ಲ."

"ಅದಕ್ಕೇ ತಾನೇ ಇವತ್ತು ಬಾ ಅಂದಿದ್ದು. ಅವಳು ಎದ್ದು ಓಡಾಡ್ತಿದ್ರೆ ಮಾತಾಡೋಕೆ ಬಿಡ್ತಿದ್ಲಾ? ಆ ಬಾಯಿ ಗೊತ್ತಲ್ಲ ನಿಂಗೆ."

ಪಂಚಾಂಗದ ಒಳ್ಳೆಯ ದಿನ ಯಾರಿಗೆಂದು ಆಗ ಗೊತ್ತಾಯಿತು. ನನ್ನ ಬಾಯಿಗೆ ಅರಳೆ ಬೀಳುವ ದಿನವನ್ನೇ ಹುಡುಕಿ ನನ್ನ ಗಂಡನಿಗೆ ಎರಡನೆಯ ಹೆಣ್ಣು ಗೊತ್ತು ಮಾಡಲು ಕೂತಿದ್ದರು. ಸವತಿ ಬರುತ್ತಾಳೆ, ನಾನು ಮೂಲೆಯಲ್ಲಿ ಕೂತು ಬೇಯಿಸಿ ಹಾಕಬೇಕು, ಅವಳ ಬಾಣಂತನ ಮಾಡಬೇಕು. ತವರಿನಲ್ಲಿ ನನ್ನನ್ನು ಇಟ್ಟುಕೊಳ್ಳಲು ಯಾರೂ ಉಳಿದಿರಲಿಲ್ಲ. ನನಗೆ ಇದ್ದದ್ದು ಆ ಮನೆಯೊಂದೇ.

ಒಬ್ಬರ ಮಾತಿಗಾಗಿ ಕಾದೆ.

"ನೀನೇನಂತೀಯೋ?" ಎಂದು ಅತ್ತೆ ಮಗನನ್ನು ಕೇಳಿದರು.

"ನಿನ್ನಿಷ್ಟಮ್ಮ" ಎಂದರು ನಮ್ಮ ಯಜಮಾನರು. ಅಷ್ಟಕ್ಕೇ ಬಿಡಲಿಲ್ಲ. ಕಚೇರಿಯ ಕಾಗದ ಓದುವ ದನಿಯಲ್ಲಿ ಹೇಳಿದರು. "ದವಡೆ ಮೂಳೆ ಸ್ವಲ್ಪ ತೆಗೆದಿದಾರಂತೆ. ಕೆನ್ನೆ ಒಳಕ್ಕೆ ಹೋಗಿ ಮುಖ ಸೊಟ್ಟಗೇ ಉಳಿಯತ್ತೆ ಅಂದ್ರು ಡಾಕ್ಟ್ರು."

ನನ್ನ ಮುಖ ಇನ್ನು ಮೇಲೆ ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಹೀಗೆ, ಗವಾಕ್ಷಿಯಿಂದ. ಕೈ ಎತ್ತಿ ಕೆನ್ನೆ ಮುಟ್ಟಿ ನೋಡಿಕೊಳ್ಳಲು ಧೈರ್ಯ ಬರಲಿಲ್ಲ. ಎಲ್ಲಕ್ಕಿಂತ ಕೊನೆಗೆ ಬರಬೇಕಾದದ್ದು ಆಗ ಬಂತು, ಸಿಟ್ಟು. ಅದರ ಜೊತೆಗೇ ನೋವೂ ಎದ್ದಿತು.

ನರಳಿರಬೇಕು. ಬಾಗಿಲ ಹತ್ತಿರ ಬಳೆಯ ಸದ್ದಾಯಿತು. ರೆಪ್ಪೆಯ ಸಂದಿಯಲ್ಲಿ ನೋಡಿದೆ. ಹಸಿರು ಲಂಗ, ಮೊಣಕಾಲಿನವರೆಗೆ ಒದ್ದೆ. ಹಿತ್ತಿಲಿಗೆ ಕಾಲು ತೊಳೆಯಲು ಬಂದಿದ್ದ ಹುಡುಗಿ. ಅವಳೇ ಎಂದು ತಿಳಿಯಿತು. ಜಡೆಗೆ ಅಷ್ಟು ಉದ್ದದ ಮೊಗ್ಗಿನ ದಂಡೆ ಯಾರೋ ಸುತ್ತಿದ್ದರು.

"ಅಕ್ಕ, ನೀರು ಬೇಕಾ?"

ನಾನು ಉತ್ತರ ಕೊಡಲಿಲ್ಲ. ಎಚ್ಚರವಾಗಿದ್ದೇನೆಂದು ಗೊತ್ತಾದರೆ ಹೋಗಿ ಹೇಳಿಬಿಡುತ್ತಾಳೆ. ಅವಳು ಓಡಿಹೋಗಿ ಚೊಂಬಿನಲ್ಲಿ ನೀರು ತಂದಳು. ಆ ಕೋಣೆಯೊಳಗೆ ಕಾಲಿಡಬಾರದು, ನನ್ನನ್ನು ಮುಟ್ಟಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದರೂ ಅವಳು ಕೇಳುವವಳಲ್ಲವೋ. ಚಾಪೆಯ ಮೇಲೇ ಕೂತು, ನನ್ನ ತಲೆಯನ್ನು ಎರಡು ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಒಳ್ಳೆಯ ಕಡೆಯ ತುಟಿಯ ಸಂದಿಯಲ್ಲಿ ಹನಿ ಹನಿಯಾಗಿ ಬಿಟ್ಟಳು. ಆ ದಿನ ಬೆಳಗಿನಿಂದ ನನ್ನನ್ನು ನನ್ನವರೆಂಬುವರು ಅಕ್ಕರೆಯಿಂದ ಮುಟ್ಟಿದ್ದು ಅದೇ ಮೊದಲು. ಕಣ್ಣು ಮುಚ್ಚಿಕೊಂಡೇ ಕುಡಿದೆ. ನೀರು ಗಲ್ಲದಿಂದ ಕುತ್ತಿಗೆಗೆ ಇಳಿಯಿತು, ಸೆರಗಿನ ತುದಿಯಲ್ಲಿ ಒರೆಸಿಕೊಂಡೆ. ಅವಳು ನನ್ನ ತಲೆಯನ್ನು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿಸಿ ಮಲಗಿಸಿದಳು. ಡಾಕ್ಟರು ಹೇಳಿದ್ದೂ ಹಾಗೆಯೇ, ಪಕ್ಕಕ್ಕೆ ಮಲಗಿಸಿ ಎಂದು. ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ಹೋದಮೇಲೆ ಒಳಗೆ ವೀಳ್ಯದೆಲೆ, ತೆಂಗಿನಕಾಯಿ, ಅರಿಶಿನ ಕುಂಕುಮ ಎಂದೆಲ್ಲ ಗಡಿಬಿಡಿ ಕೇಳಿಸಿತು. ತಾಂಬೂಲ ಬದಲಾಯಿಸಿಬಿಟ್ಟರೆ ಮುಗಿಯಿತು. ನಾನು ಎದ್ದು ಹೋಗಿ ಕಿರುಚಬಹುದಿತ್ತು, ಕಾಲು ಏಳುತ್ತಿರಲಿಲ್ಲ. ಎದ್ದರೂ ಬಾಯಿಬಡುಕಿಯ ಬಾಯಿ ಎನ್ನುತ್ತಿದ್ದರು. ಹಾಗೆ ಯೋಚಿಸುತ್ತಿರುವಾಗಲೇ ಅತ್ತೆಯ ದನಿ.

"ಇರಿ. ತಾಯಿ ಮನೇಲೇ ಇರೋವಾಗ ಅವಳ ಅಪ್ಪಣೆ ಇಲ್ದೆ ಯಾಕೆ ಮಾಡೋದು? ಒಂದು ಮಾತು ಕೇಳೇಬಿಡೋಣ."

ನಾನು ಹೋಗಬೇಕಾಗಿರಲಿಲ್ಲ. ಅವರೇ ನನ್ನ ಬಳಿಗೆ ಬರುತ್ತಿದ್ದರು.

ಬಂದರು. ವಿಧವೆ, ಮಂಗಳದ ತಟ್ಟೆ ಹಿಡಿಯುವಂತಿರಲಿಲ್ಲ. ಹಾಗಾಗಿ ತಟ್ಟೆ ಆ ಹುಡುಗಿಯ ಕೈಯಲ್ಲಿತ್ತು. ಹೊಸ್ತಿಲಾಚೆ ಅವಳನ್ನು ನಿಲ್ಲಿಸಿ, ಪಕ್ಕದಲ್ಲಿ ಅತ್ತೆ, ಹಿಂದೆ ಅವಳ ತಂದೆ, ಅದರ ಹಿಂದೆ ನಮ್ಮ ಯಜಮಾನರು. ಏಳು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನೆದುರು ಕೈಮುಗಿದರು. ರೆಪ್ಪೆಯ ಸಂದಿಯಿಂದ ಚೆನ್ನಾಗಿ ನೋಡಿದೆ, ಇನ್ನೊಮ್ಮೆ ಸಿಗುವ ನೋಟವಲ್ಲ.

"ತಾಯಿ, ಕಳೆದುಹೋಗಿದ್ದನ್ನ ತೋರಿಸಿಕೊಟ್ಟೆ. ಇನ್ನೊಂದು ಹೇಳ್ಬಿಡು. ಈ ಕೂಸನ್ನ ನನ್ನ ಮಗನಿಗೆ ತಂದ್ಕೊಳ್ಲಾ?"

ಬಾಯಿ ತೆಗೆದೆ. ಅರಳೆ, ರಕ್ತ, ದಪ್ಪ ನಾಲಿಗೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಬಾವಿಯಿಂದ ಯಾರೋ ಕೂಗಿದಂತಿತ್ತು. ಇದಕ್ಕಿಂತ ಒಳ್ಳೆಯ ದೇವಿಯ ದನಿಯನ್ನು ಮಾಮೂಲ್‌ಪೇಟೆಯ ಹೆಂಗಸೂ ತೆಗೆಯಲಾರಳು.

"ಬೇಡ" ಎಂದೆ.

ಅಷ್ಟು ಸಾಕಿತ್ತು. ಇದನ್ನು ಅಂದಿನಿಂದ ಇಂದಿನವರೆಗೆ ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಬೇಡ ಎಂದಿದ್ದರೆ ಸಾಕಿತ್ತು. ಅತ್ತೆಯ ಮುಖ ಆಗಲೇ ಇಳಿದಿತ್ತು. ಕೈ ಇನ್ನೂ ಮುಗಿದೇ ಇತ್ತು, ಆದರೆ ಕಾಲು ಒಂದು ಹೆಜ್ಜೆ ಹಿಂದೆ ಸರಿದಿತ್ತು. ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು, ಹುಡುಗಿ ಇನ್ನೊಂದು ಮನೆ ಸೇರುತ್ತಿದ್ದಳು. ಆದರೆ ನನ್ನ ಸಿಟ್ಟಿಗೆ ಅಷ್ಟು ಸಾಲಲಿಲ್ಲ. 'ನಿನ್ನಿಷ್ಟಮ್ಮ' ಎಂದವರು ಅಲ್ಲೇ ಹಿಂದೆ ನಿಂತಿದ್ದರು. ಅವರು ಹೆದರಿ ಸಾಯಬೇಕು, ಇನ್ನೊಂದು ಹೆಣ್ಣಿನ ಹೆಸರೆತ್ತಬಾರದು ಎನ್ನಿಸಿತು. ಅವರನ್ನು ಹೆದರಿಸಲು ನನ್ನ ಕೈಗೆ ಸಿಕ್ಕಿದ್ದು ಆ ಹುಡುಗಿ.

"ಇವಳಿಗೆ ತಾಳಿ ಕಟ್ಟಿದವನು ಉಳಿಯಲ್ಲ" ಎಂದೆ. ತಡೆದು ತಡೆದು, ಒಂದೊಂದೇ ಮಾತು ಬಿಡಿಸಿ, ಯಾರಿಗೂ ಸಂಶಯ ಬಾರದ ಹಾಗೆ ಹೇಳಿದೆ.

ಅತ್ತೆ ಮಗನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದರು, ಮಡಿಯನ್ನೂ ಮರೆತು. ಪುರೋಹಿತರು ಗೋಡೆಗೆ ಕೈ ಕೊಟ್ಟು ಸ್ವಲ್ಪ ಹೊತ್ತು ನಿಂತರು, ಆಮೇಲೆ ಅವರೂ ಹೋದರು. ಹುಡುಗಿ ಮಾತ್ರ ತಟ್ಟೆ ಹಿಡಿದುಕೊಂಡು ಹೊಸ್ತಿಲಾಚೆ ನಿಂತೇ ಇದ್ದಳು, ಇಳಿಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ.

ಸಂಜೆಗೆ ನಾನು ವಿಧಿಪೂರ್ವಕವಾಗಿ ಎಚ್ಚರಗೊಂಡೆ. "ನಾನೆಲ್ಲಿದೀನಿ?" ಎಂದು ಕೇಳುವುದನ್ನೂ ಬಿಡಲಿಲ್ಲ. ಅತ್ತೆ ದೂರದಿಂದಲೇ ಗಂಜಿ ಇಟ್ಟು, ನನ್ನನ್ನು ಬೇರೆಯ ಕಣ್ಣಿನಿಂದ ನೋಡಿದರು. ಮುಂದಿನ ಶುಕ್ರವಾರ ತೆಂಗಿನಕಾಯಿ ಹಿಡಿದುಕೊಂಡು ಮತ್ತೆ ಬಂದು, "ಏನಾದ್ರೂ ತೋಚ್ತಾ ಇದೆಯೇನೇ?" ಎಂದು ಕೇಳಿದರು. ಔಷಧಿ ಇಳಿದುಹೋಯಿತು ಎಂದೆ. ನಿರಾಸೆಯಾಯಿತು ಅವರಿಗೆ.

ನಾನು ಗೆದ್ದೆ, ಅದನ್ನು ಮುಚ್ಚಿಡುವುದೇಕೆ? ಸವತಿ ಬರಲಿಲ್ಲ. ಕೆನ್ನೆ ಡಾಕ್ಟರು ಹೇಳಿದಂತೆ ಒಳಕ್ಕೆ ಹೋಯಿತು, ಆದರೂ ಆ ಮನೆಯಲ್ಲಿ ನಾನೊಬ್ಬಳೇ ಸೊಸೆ. ಯಜಮಾನರು ಮತ್ತೆಂದೂ ಮದುವೆಯ ಮಾತಿಗೆ ಹೋಗಲಿಲ್ಲ. ನನ್ನ ಕಡೆ ನೆಟ್ಟಗೆ ನೋಡುವುದನ್ನೂ ಬಿಟ್ಟರು. ಮಗುವೂ ಆಗಲಿಲ್ಲ.

ಆ ಮಾತು ಮಾತ್ರ ನಮ್ಮ ಹಿತ್ತಿಲಲ್ಲಿ ನಿಲ್ಲಲಿಲ್ಲ. ಅತ್ತೆಗೆ ಅದು ಹೆಮ್ಮೆಯ ವಿಷಯ, ಮನೆಗೆ ದೇವಿ ಬಂದಳು ಎಂದು ಕಂಡವರಿಗೆಲ್ಲ ಹೇಳಿದರು. ಮಲ್ಲೇಶ್ವರದಿಂದ ಚಾಮರಾಜಪೇಟೆಯವರೆಗೆ ನಮ್ಮ ಜನರಲ್ಲಿ ಕೇಳದವರಿಲ್ಲ. ಗಂಡುಮಕ್ಕಳಿರುವ ಯಾವ ತಾಯಿ ಇಂಥ ಹುಡುಗಿಯನ್ನು ತಂದುಕೊಂಡಾಳು? ಒಂದು ವರ್ಷ ಆ ತಂದೆ ಊರೂರು ಅಲೆದರು. ಹುಡುಗಿ ದೊಡ್ಡವಳಾಗುವ ಮೊದಲು ಕೊಟ್ಟುಬಿಡಬೇಕಿತ್ತು, ಇಲ್ಲದಿದ್ದರೆ ಆ ಪುರೋಹಿತರನ್ನು ಯಾರೂ ಪೂಜೆಗೆ ಕರೆಯುತ್ತಿರಲಿಲ್ಲ. ಕೊನೆಗೆ ಶಿರಾ ಕಡೆಯ ಒಬ್ಬ ಒಪ್ಪಿದ. ಐವತ್ತು ದಾಟಿದವನು, ಎರಡು ಹೆಂಡಿರನ್ನು ಕಳೆದುಕೊಂಡವನು. "ಇಬ್ಬರನ್ನು ನಾನೇ ಕಳಿಸಿದೀನಿ, ಇವಳು ನನಗೇನು ಮಾಡಿಯಾಳು" ಎಂದು ನಕ್ಕನಂತೆ. ಆ ಮದುವೆಗೆ ನಾನೂ ಹೋಗಿದ್ದೆ. ಹೋಳಿಗೆ ಚೆನ್ನಾಗಿತ್ತು, ನನಗೆ ಒಂದೇ ಕಡೆ ಅಗಿಯಲು ಬರುತ್ತಿತ್ತು.

ಊರಿಗೆ ಊರೇ ಹಾಸಿಗೆ ಹಿಡಿದ ಇನ್‌ಫ್ಲುಯೆಂಜಾ ವರ್ಷದಲ್ಲಿ ಅವನು ಸತ್ತ. ಅದೇ ತಿಂಗಳು ಅವಳ ತಂದೆಯೂ ಹೋದರು. ಆ ವರ್ಷ ಯಾರು ಯಾರ ಗಂಡ ಸಾಯಲಿಲ್ಲ? ಆದರೆ ನಮ್ಮ ಅತ್ತೆ, "ಅವತ್ತೇ ತಾಯಿ ಹೇಳಿದ್ಲು" ಎಂದರು, ಎಲ್ಲರೂ ತಲೆದೂಗಿದರು. ಶಾಪ ತೀರಿತು, ಇನ್ನು ಇವಳಿಂದ ಯಾರಿಗೂ ತೊಂದರೆಯಿಲ್ಲ ಎಂದು ಅತ್ತೆಯೇ ಅವಳನ್ನು ನಮ್ಮ ಮನೆಗೆ ಕರೆತಂದರು. ಇಪ್ಪತ್ತು ವರ್ಷ, ಬೋಳು ತಲೆ, ಕೆಂಪು ಸೀರೆ. ಮಲಗಲು ಹಿತ್ತಿಲ ಕೋಣೆಯನ್ನೇ ಕೊಟ್ಟರು. ಮೂಲೆಯಲ್ಲಿದ್ದು ಅಡುಗೆಗೊಂದು ಕೈಯಾಗಬೇಕೆಂದು ಅವಳ ತಂದೆ ನನಗೆ ಗೊತ್ತುಮಾಡಿದ್ದ ಜಾಗಕ್ಕೆ ಅವಳೇ ಬಂದು ಕೂತಳು.

ಅವಳು ಹೆಚ್ಚು ಮಾತಾಡುವವಳಲ್ಲ. ಅಕ್ಕ ಎಂದೇ ಕರೆಯುತ್ತಿದ್ದಳು. ಅತ್ತೆ ಮಂಚ ಹಿಡಿದಾಗ ಎರಡು ವರ್ಷ ನೋಡಿಕೊಂಡದ್ದು ಅವಳೇ. ಅವರ ಕೊನೆಯ ದಿನಗಳಲ್ಲೂ, "ನಿನ್ನ ಹಣೆಬರಹ ಮೊದ್ಲೇ ಗೊತ್ತಾಗಿತ್ತು ಕಣೇ, ಏನ್ ಮಾಡೋಕಾಗತ್ತೆ" ಎಂದು ಅವಳಿಗೆ ಸಮಾಧಾನ ಹೇಳುತ್ತಿದ್ದರು. ಅವಳು "ಹೂಂ ಅತ್ತೆ" ಎಂದು ಕಾಲೊತ್ತುತ್ತಿದ್ದಳು. ನಾನು ಎದ್ದು ಆಚೆ ಹೋಗುತ್ತಿದ್ದೆ. ಹೇಳಿಬಿಡೋಣ ಎಂದು ನೂರು ಸಲ ಅನ್ನಿಸಿದೆ. ಹೇಳಿದರೆ ಅವಳ ಕೂದಲು ಬರುತ್ತದೆಯೇ ಎಂದು ನನ್ನನ್ನು ನಾನೇ ಕೇಳಿಕೊಂಡು ಸುಮ್ಮನಾಗುತ್ತಿದ್ದೆ. ಇದು ನೆಪ ಎಂದು ಗೊತ್ತಿತ್ತು. ನನಗೆ ಭಯ, ಅಷ್ಟೇ.

ಅತ್ತೆ ಹೋದ ಮರುವರ್ಷ ಬಲಗಡೆಯ ಹಲ್ಲು ಶುರುವಾಯಿತು. ಅದೇ ನೋವು, ಅದೇ ಕೀವು. ಈ ಸಲ ಡಾಕ್ಟರು ನಮ್ಮವರೇ, ಕನ್ನಡದವರು. ಮತ್ತಿನ ಔಷಧಿ ಬೇಡ, ಹಾಗೇ ಕೊಯ್ಯಿರಿ, ನಾನು ತಡೆದುಕೊಳ್ಳುತ್ತೇನೆ ಎಂದು ಕೈಮುಗಿದು ಕೇಳಿಕೊಂಡೆ. "ಮೂಳೆ ಕೆರೆಯಬೇಕಮ್ಮ, ಕ್ಲೋರೋಫಾರಂ ಇಲ್ದೆ ನಾನು ಕೈ ಹಾಕಲ್ಲ" ಎಂದರು. ನನಗೆ ನೋವಿನ ಹೆದರಿಕೆ ಇರಲಿಲ್ಲ. ಒಮ್ಮೆ ಉದ್ಧರಣೆಯ ಗುಟ್ಟು ಕಕ್ಕಿದ ಬಾಯಿ, ಈ ಸಲ ಏನು ಕಕ್ಕುತ್ತದೋ. ಹೆಂಗಸರ ವಾರ್ಡಿನಲ್ಲಿ ಜೊತೆಗೆ ಒಬ್ಬ ಹೆಂಗಸು ಬೇಕು ಎಂದರು. ಪಕ್ಕದ ಮನೆಯವರನ್ನು ಕರೆಯೋಣ ಎಂದೆ. ಅಷ್ಟರಲ್ಲಿ ಅವಳು ಹಳೆಯ ಬಟ್ಟೆಯ ಗಂಟು ಹಿಡಿದು ಜಟಕಾದಲ್ಲಿ ಕೂತಾಗಿತ್ತು.

ಬಟ್ಟೆ ಮೂಗಿಗೆ ಬಂದಾಗ ನಾನು ಎಣಿಸಲಿಲ್ಲ. ಬಾಯಿ ಬಿಡಬೇಡ, ಬಾಯಿ ಬಿಡಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಹೋದೆ.

ಮತ್ತೆ ಮೊದಲು ಕಿವಿ ಬಂತು. ಯಾರೋ ದೂರದಲ್ಲಿ ಕೆಮ್ಮುತ್ತಿದ್ದರು. ಆಮೇಲೆ ಬಾಯಾರಿಕೆ, ಆಮೇಲೆ ನಾಲಿಗೆ. ಕಣ್ಣು ಬಿಟ್ಟರೆ ಬೆಳ್ಳಗಿನ ಗೋಡೆ, ಕೆಂಪು ಸೀರೆ. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು ಬಟ್ಟೆ ಹಿಂಡುತ್ತಿದ್ದಳು. ನನ್ನನ್ನು ಪಕ್ಕಕ್ಕೆ ವಾಲಿಸಿ ಮಲಗಿಸಿದ್ದಳು. ಎಷ್ಟು ಹೊತ್ತಾಗಿದೆಯೋ, ನನ್ನ ಬಾಯಿ ಏನೇನು ಆಡಿದೆಯೋ ತಿಳಿಯದು. ಅವಳ ಮುಖ ನೋಡಿದೆ, ಅದರಲ್ಲಿ ಏನೂ ಸಿಗಲಿಲ್ಲ. ಅರಳೆಯ ಪಕ್ಕದಿಂದ ಹೇಗೋ ಮಾತು ಹೊರಡಿಸಿದೆ.

"ನಾನೇನಾದ್ರೂ ಅಂದ್ನೇನೇ?"

"ಇಲ್ಲಕ್ಕ. ಒಂದು ಮಾತೂ ಆಡ್ಲಿಲ್ಲ."

ಕಣ್ಣಲ್ಲಿ ನೀರೇ ಬಂತು. ಹನ್ನೆರಡು ವರ್ಷದ ಭಾರ ಇಳಿದ ಹಾಗೆ, ಇನ್ನು ಸಾಯುವವರೆಗೂ ಇದು ನನ್ನ ಹೊಟ್ಟೆಯಲ್ಲೇ ಇರುತ್ತದೆ ಎಂದುಕೊಂಡೆ. ಅವಳು ನನ್ನ ತಲೆಯನ್ನು ಎರಡು ಕೈಯಲ್ಲಿ ಎತ್ತಿ, ತುಟಿಯ ಸಂದಿಯಲ್ಲಿ ಹನಿ ಹನಿಯಾಗಿ ನೀರು ಬಿಟ್ಟಳು. ನುಂಗಲು ಇನ್ನೂ ಬರುತ್ತಿರಲಿಲ್ಲ. ನೀರು ಗಲ್ಲದಿಂದ ಇಳಿದು ಕುತ್ತಿಗೆಗೆ ಹರಿಯಿತು. ಅವಳು ಅದು ಹರಿಯುವುದನ್ನು ನೋಡಿದಳು. ಆಮೇಲೆ ತನ್ನ ಸೆರಗಿನಿಂದ ಒರೆಸಿದಳು.

"ಇವತ್ತು ನಿಮಗೆ ನಿಜವಾಗ್ಲೂ ಎಚ್ಚರ ಇರ್ಲಿಲ್ಲ" ಎಂದಳು. "ಅವತ್ತು ನೀವೇ ಒರೆಸ್ಕೊಂಡ್ರಿ ಅಕ್ಕ. ಎಚ್ಚರ ಇಲ್ದೋರು ಬಾಯಿ ಒರೆಸ್ಕೊಳಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ತಟ್ಟೆ ಹಿಡಿದು ಹೊಸ್ತಿಲಾಚೆ ನಿಂತಾಗಲೇ ಅವಳಿಗೆ ಗೊತ್ತಿತ್ತು. ಶಿರಾಕ್ಕೆ ಹೋಗುವಾಗ ಗೊತ್ತಿತ್ತು, ತಲೆ ಕೊಟ್ಟು ಕೂತಾಗ ಗೊತ್ತಿತ್ತು, "ಹೂಂ ಅತ್ತೆ" ಎಂದು ಕಾಲೊತ್ತುವಾಗಲೂ ಗೊತ್ತಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆಗೆದೆ. ಅವಳು ಹಳೆಯ ಅರಳೆ ತೆಗೆದು, ಹೊಸದನ್ನು ಉಂಡೆ ಮಾಡಿ, ಗಾಯದ ಮೇಲಿಟ್ಟಳು.

"ಗಟ್ಟಿಯಾಗಿ ಕಚ್ಕೊಳಿ" ಎಂದಳು. "ಮಾತಾಡಿದ್ರೆ ರಕ್ತ ಬರತ್ತೆ."

ಕಚ್ಚಿಕೊಂಡೆ.